ಹಾನರ್ ಸೊಸೈಟಿಗೆ ನಾನು ಬರೆದ ತಕರಾರು

ಪದಕ, ಬಿರುದು, ಸನ್ಮಾನ ಇವೆಲ್ಲ ಬರೀ ಆಡಂಬರ ಎಂದು ಗಟ್ಟಿಯಾಗಿ ಹೇಳುವವರನ್ನು ಕಂಡರೆ ನನಗೆ ಬಹಳ ಗೌರವ. ಯಾಕೆಂದರೆ ನಾನೂ ಆ ಪಂಗಡದವನೇ. ಆದರೆ ನಮ್ಮ ಪಂಗಡದ ಒಂದು ಗುಟ್ಟನ್ನು ನಿಮ್ಮ ಕಿವಿಯಲ್ಲಿ ಹೇಳಿಬಿಡುತ್ತೇನೆ, ಯಾರಿಗೂ ಹೇಳಬೇಡಿ. ನಮ್ಮಲ್ಲಿ ಹೆಚ್ಚಿನವರಿಗೆ ಹುಟ್ಟಿದಾರಭ್ಯ ಒಂದೂ ಬಹುಮಾನ ಬಂದಿರುವುದಿಲ್ಲ. ಬಂದ ದಿನ ನಮ್ಮ ತತ್ವ ಎಷ್ಟು ಹೊತ್ತು ನಿಂತೀತು ಎಂಬುದನ್ನು ಪರೀಕ್ಷಿಸಲು ಅವಕಾಶವೇ ಸಿಕ್ಕಿರುವುದಿಲ್ಲ. ನನಗೆ ಅಂಥ ಅವಕಾಶ ನಾವು ನೆಲೆಸಿರುವ ಕೊಲ್ಲಿನಾಡಿನ ಮಿರ್ದಿಫ್‌ನಲ್ಲಿ, ನನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಏಳನೇ ತರಗತಿಯ ಮಗಳ ದೆಸೆಯಿಂದ ಒದಗಿಬಂತು.

ಮೊದಲು ನನ್ನ ಉದ್ಯೋಗದ ವಿಷಯ ಹೇಳಬೇಕು. ಎಲ್ಲ ಅನಾಹುತಕ್ಕೂ ಅದೇ ಮೂಲ. ನಾನು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಊರಲ್ಲಿ ಅತ್ತೆ ಇದನ್ನು ಎಲ್ಲರಿಗೂ "ನಮ್ಮ ಅಳಿಯ ಅಲ್ಲಿ ಕಂಟ್ರೋಲರ್" ಎಂದು ಅರ್ಧ ಮಾತ್ರ ಹೇಳುತ್ತಾರೆ. ನಾನು ಕಂಟ್ರೋಲ್ ಮಾಡುವುದು ಕಾಗದಗಳನ್ನು. ಇಂಜಿನಿಯರುಗಳ ನಕ್ಷೆ, ಪತ್ರ ಏನೇ ಹೊರಗೆ ಹೋಗಲಿ, ಅದಕ್ಕೊಂದು ನಂಬರು ಕೊಟ್ಟು, ರವಾನೆ ಚೀಟಿ ಅಂಟಿಸಿ, ಆ ಕಡೆಯವರ ಸಹಿ, ಸೀಲು ತೆಗೆದುಕೊಂಡು ಬರುವುದು. ಅಲ್ಲಿಂದ ವಾಪಸು ಬರುವಾಗ ಕಾಗದದ ನೆತ್ತಿಯ ಮೇಲೆ ಒಂದು ಅಕ್ಷರ ಇರುತ್ತದೆ. 'ಎ' ಅಂದರೆ ಒಪ್ಪಿಗೆ. 'ಬಿ' ಅಂದರೆ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಒಪ್ಪಿಗೆ. 'ಸಿ' ಅಂದರೆ ತಿದ್ದಿ ಮತ್ತೆ ಕಳಿಸಿ. ನಮ್ಮ ವೃತ್ತಿಯ ಪರಮ ನಿಯಮ ಒಂದೇ: ಸೀಲು ಬಿದ್ದ ಕಾಗದವನ್ನು ಹಿಂದಕ್ಕೆ ಪಡೆಯುವ ಹಾಗಿಲ್ಲ. ತಪ್ಪಾಗಿದ್ದರೆ ಪರಿಷ್ಕೃತ ಪ್ರತಿ ಕಳಿಸಬಹುದು, ಆದರೆ ಮೊದಲಿನದು ಎದುರಿನವರ ಫೈಲಿನಲ್ಲಿ ಕಲ್ಲಿನಂತೆ ಕೂತಿರುತ್ತದೆ. ಹದಿನಾರು ವರ್ಷ ಇದೇ ಮಾಡಿ ನನಗೆ ಈ ಚಟ ಮನೆಯವರೆಗೂ ಬಂದಿದೆ. ಮನೆಗೆ ತರುವ ಸಾಮಾನಿನ ಪಟ್ಟಿಗೂ ನಾನು ನಂಬರು ಹಾಕುತ್ತೇನೆ. ಮಗಳು ಅನ್ವಿತಾ ಚಿಕ್ಕವಳಿದ್ದಾಗ ಬಿಡಿಸಿದ ಚಿತ್ರಗಳಿಗೆಲ್ಲ 'ಎ' ಬರೆದು ಸಹಿ ಹಾಕಿ ಫೈಲು ಮಾಡಿದ್ದೇನೆ. "ಆಫೀಸಿನ ಹುಚ್ಚು ಆಫೀಸಲ್ಲೇ ಬಿಟ್ಟು ಬನ್ನಿ ಮಾರಾಯ್ರೆ" ಎಂದು ಹೆಂಡತಿ ಶಶಿಕಲಾ ಹೇಳುತ್ತಲೇ ಇದ್ದಾಳೆ.

ಒಂದು ಗುರುವಾರ ಅನ್ವಿತಾಳ ಶಾಲೆಯಿಂದ ಸುತ್ತೋಲೆ ಬಂತು. ಹೊಸದಾಗಿ ಬಂದ ಪ್ರಿನ್ಸಿಪಾಲ್ ಮೇಡಂ ಹಿಂದೆ ಅಮೆರಿಕನ್ ಪಠ್ಯಕ್ರಮದ ಶಾಲೆಯಲ್ಲಿದ್ದವರು. ಅಲ್ಲಿರುವಂತೆ ಇಲ್ಲೂ ಆರರಿಂದ ಎಂಟನೇ ತರಗತಿಯ ಜಾಣ ಮಕ್ಕಳಿಗಾಗಿ ಒಂದು 'ಹಾನರ್ ಸೊಸೈಟಿ' ಶುರುಮಾಡುವ ಆಲೋಚನೆ ಅವರದು. ಅರ್ಧವಾರ್ಷಿಕದಲ್ಲಿ ಸರಾಸರಿ ತೊಂಬತ್ತು ಬಂದವರು ಸದಸ್ಯರು. ಅವರಿಗೆ ಯೂನಿಫಾರ್ಮಿನ ಮೇಲೆ ಚಿನ್ನದ ಬಣ್ಣದ ಪಿನ್ನು, ಅಸೆಂಬ್ಲಿಯಲ್ಲಿ ಮುಂದಿನ ಸಾಲು. ಪೋಷಕರು ಅಭಿಪ್ರಾಯ ತಿಳಿಸಬೇಕು. ಸುತ್ತೋಲೆಯ ಜತೆಗೇ ಅಂಕಪಟ್ಟಿಯೂ ಬಂದಿತ್ತು. ಅನ್ವಿತಾಳಿಗೆ ಎಂಬತ್ತೆಂಟು.

ಎಂಬತ್ತೆಂಟನ್ನು ನೋಡಿದ ಕೂಡಲೇ ನನ್ನೊಳಗಿನ ತತ್ವಜ್ಞಾನಿ ಎದ್ದು ಕೂತ. ಶುಕ್ರವಾರ ನೀರುದೋಸೆ ತಿಂದವನೇ ಲ್ಯಾಪ್‌ಟಾಪ್ ತೆರೆದು ಮೂರು ಪುಟದ ತಕರಾರು ಬರೆದೆ. ಹನ್ನೆರಡು ವರ್ಷದ ಮಕ್ಕಳನ್ನು ಪಿನ್ನಿನವರು, ಪಿನ್ನಿಲ್ಲದವರು ಎಂದು ಎರಡು ಜಾತಿ ಮಾಡುವುದು ಯಾವ ನ್ಯಾಯ? ತೊಂಬತ್ತರ ಮಗು ಜಾಣ, ಎಂಬತ್ತೊಂಬತ್ತರದು ದಡ್ಡ ಎಂದು ಹೇಳುವ ತಕ್ಕಡಿ ಯಾರ ಬಳಿ ಇದೆ? ಬರೆಯುತ್ತ ಬರೆಯುತ್ತ ನನಗೇ ನನ್ನ ಮೇಲೆ ಅಭಿಮಾನ ಹುಟ್ಟಿತು. ಕೊನೆಗೆ ನನ್ನದೇ ಕಥೆಯನ್ನೂ ಸೇರಿಸಿದೆ. ಕಾಪು ಕಡೆಯ ನಮ್ಮ ಶಾಲೆಯಲ್ಲಿ ಏಳನೆಯ ಕ್ಲಾಸಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಒಂದು ಬೆಂಚು ಇಟ್ಟಿದ್ದರು, ಹೆಚ್ಚು ಅಂಕದ ಮೂವರಿಗೆ ಮಾತ್ರ. ಒಮ್ಮೆ ನಾನೂ ಅಲ್ಲಿ ಕೂತೆ. ನಾಲ್ಕು ದಿನ. ಐದನೆಯ ದಿನ ಮೇಷ್ಟ್ರು ಅಂಕ ಕೂಡಿದ್ದರಲ್ಲಿ ತಪ್ಪಾಗಿತ್ತು ಎಂದು ನನ್ನ ಚೀಲವನ್ನು ತಾವೇ ಎತ್ತಿ ಹಿಂದಿನ ಬೆಂಚಿನಲ್ಲಿಟ್ಟರು. ಅವರು ಬೈಯಲಿಲ್ಲ, ಮಕ್ಕಳೂ ನಗಲಿಲ್ಲ. ಆದರೂ ಆ ಚೀಲ ಗಾಳಿಯಲ್ಲಿ ಹೋದದ್ದು ನನಗೆ ಈಗಲೂ ಕಾಣುತ್ತದೆ.

ನನ್ನ ಇಂಗ್ಲಿಷನ್ನು ಅನ್ವಿತಾ ತಿದ್ದಿಕೊಟ್ಟಳು. ಬೆಂಚಿನ ಭಾಗ ಬಂದಾಗ ಒಮ್ಮೆ ನನ್ನ ಮುಖ ನೋಡಿ, "ಈಸ್ ದಿಸ್ ಟ್ರೂ ಅಪ್ಪಾ?" ಎಂದು ಕೇಳಿದಳು. ಹೌದು ಎಂದೆ. ಎರಡು ಕಾಮಾ ಹಾಕಿದಳು. ಆಗಿನ್ನೂ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಶಾಲೆಗೆ ಹೋಗಿ, ಪತ್ರಕ್ಕೆ ನಂಬರು ಹಾಕಿ, ರವಾನೆ ಚೀಟಿ ಸಮೇತ ರಿಸೆಪ್ಷನ್ನಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. "ಇದಕ್ಕೆಲ್ಲ ಸೀಲು ಬೇಡ ಅಂಕಲ್" ಎಂದಳು ಅಲ್ಲಿದ್ದ ಹುಡುಗಿ. ನಾನು ಬಿಡುತ್ತೇನೆಯೇ.

ಮಂಗಳವಾರ ಅನ್ವಿತಾಳ ವಿಜ್ಞಾನದ ಟೀಚರು ಕರೆಮಾಡಿದರು. ಉತ್ತರ ಪತ್ರಿಕೆಯ ಕೊನೆಗೆ ಕಟ್ಟಿದ್ದ ಹೆಚ್ಚುವರಿ ಹಾಳೆಯನ್ನು ಎಣಿಸಲು ಮರೆತಿದ್ದರಂತೆ. ಈಗ ಸರಾಸರಿ ತೊಂಬತ್ತು ದಾಟಿದೆ, ಸೊಸೈಟಿ ಶುರುವಾದರೆ ಅನ್ವಿತಾ ಅದರ ಸದಸ್ಯೆ. ಶಶಿಕಲಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ರಿಪೋರ್ಟು ಕೈಗೆ ಬರುವವರೆಗೆ ಯಾವುದನ್ನೂ ನಂಬದವಳು. ಅಂಥವಳೂ ಅರ್ಧ ಗಂಟೆಯೊಳಗೆ ಉಡುಪಿಗೆ ಫೋನು ಮಾಡಿ ಅಮ್ಮನಿಗೆ, ಅಮ್ಮನ ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿಸಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಆ ನಿಮ್ಮ ಲೆಟರ್ ಉಂಟಲ್ಲ, ಅದನ್ನು ವಾಪಸ್ ತನ್ನಿ" ಎಂದಳು.

"ಸೀಲು ಬಿದ್ದಿದೆ" ಎಂದೆ.

"ಸೀಲು ಹಾಕ್ಸಿದ್ದು ಯಾರು?"

ಒಂದು ಉಪಾಯ ಹೊಳೆಯಿತು. ಪರಿಷ್ಕೃತ ಪ್ರತಿ ಸಿದ್ಧಮಾಡಿದೆ. ಸೊಸೈಟಿಯಿಂದ ಮಕ್ಕಳಲ್ಲಿ ಹುರುಪು, ಗುರಿ, ಶಿಸ್ತು ಹೆಚ್ಚುವ ಸಾಧ್ಯತೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಹಿಂದಿನ ಪತ್ರವನ್ನು ಈ ಪತ್ರವು ರದ್ದುಗೊಳಿಸುತ್ತದೆ ಎಂದು ಒಂದೇ ಪುಟದಲ್ಲಿ ಮುಗಿಸಿದೆ. ತತ್ವಕ್ಕೆ ಮೂರು ಪುಟ ಬೇಕು, ಸ್ವಾರ್ಥಕ್ಕೆ ಒಂದು ಸಾಕು. ಇದನ್ನು ತಿದ್ದಲು ಮಗಳಿಗೆ ಕೊಡಲಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ, ರೀಮ್ ಐಲ್ಯಾಂಡಿನಿಂದ ಒಂದೂವರೆ ಗಂಟೆ ಕಾರು ಓಡಿಸಿ ಶಾಲೆಗೆ ಬಂದೆ. ರಿಸೆಪ್ಷನ್ನಿನಲ್ಲಿ ಆ ಹುಡುಗಿಯ ಬದಲು ಫಿಲೋಮಿನಾ ಬಾಯಿ ಕೂತಿದ್ದರು. ಶಾಲೆಯ ಆಫೀಸಿನಲ್ಲೇ ಅವರ ಕೆಲಸ. ಮಂಗಳೂರಿನವರು, ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲೇ ಮನೆ. ಅವರ ಮಗಳು ಶರೋನ್ ಮತ್ತು ಅನ್ವಿತಾ ಒಂದನೇ ಕ್ಲಾಸಿನಿಂದಲೂ ಸ್ಕೂಲ್ ಬಸ್ಸಿನಲ್ಲಿ ಒಂದೇ ಸೀಟು. ನನ್ನನ್ನು ಕಂಡದ್ದೇ ಬಾಯಿ ಎದ್ದು ನಿಂತರು.

"ನಿಮ್ಮ ಲೆಟರ್ ಓದಿದೆ ಮಾರಾಯ್ರೆ. ಮೇಡಂ ಟೇಬಲಿಗೆ ಇಡುವಾಗ ಸುಮ್ಮನೆ ಕಣ್ಣು ಹಾಯಿಸಿದ್ದು. ಆ ಬೆಂಚಿನ ಕಥೆ ಓದಿ ನಂಗೆ ಅಳು ಬಂತು. ನಮ್ಮ ಶರೋನ್‌ಗೆ ಎಂಬತ್ತಾರು ಅಲ್ವಾ. ಎರಡು ದಿವಸ ಸರಿ ಊಟ ಮಾಡ್ಲಿಲ್ಲ ಅದು. ನಿಮ್ಮ ಅನ್ವಿತಾ ಬಂದು ಆ ಲೆಟರ್ ಇಡೀ ಓದಿ ಹೇಳಿದ ಮೇಲೆ ಊಟಕ್ಕೆ ಕೂತದ್ದು."

"ಅನ್ವಿತಾ ಓದಿ ಹೇಳಿದಳಾ?"

"ಹೌದು. ಮೇಡಂಗೂ ಭಾರಿ ಹಿಡಿಸಿದೆ. ಶನಿವಾರದ ಮೀಟಿಂಗಲ್ಲಿ ನೀವೇ ಅದನ್ನು ಓದ್ಬೇಕಂತೆ. ಮತ್ತೆ, ನೀವು ಈಗ ಬಂದದ್ದು ಎಂತಕ್ಕೆ?"

ಪರಿಷ್ಕೃತ ಪ್ರತಿ ನನ್ನ ಕೈಯಲ್ಲಿದ್ದ ಫೈಲಿನೊಳಗೆ ಬೆಚ್ಚಗೆ ಮಲಗಿತ್ತು. "ಏನಿಲ್ಲ ಬಾಯಿ, ಈ ಕಡೆ ಬಂದಿದ್ದೆ. ಬಾಯಾರಿಕೆ ಆಯಿತು" ಎಂದೆ. ನೂರ ಮೂವತ್ತು ಕಿಲೋಮೀಟರು ಬಂದು ಎರಡು ಲೋಟ ನೀರು ಕುಡಿದು ಮನೆಗೆ ಹೋದೆ.

ಶುಕ್ರವಾರ ಸಂಜೆ ಮುಶ್ರಿಫ್ ಪಾರ್ಕಿನಲ್ಲಿ ನಡೆಯುತ್ತಿದ್ದಾಗ ಅನ್ವಿತಾಳನ್ನೇ ಕೇಳಿದೆ. "ಪುಟ್ಟಿ, ನಿಂಗೆ ಆ ಪಿನ್ನು ಬೇಕಾ?"

"ಬೇಕು" ಎಂದಳು. "ಆಫ್ ಕೋರ್ಸ್ ಬೇಕು ಅಪ್ಪಾ. ಐ ವರ್ಕ್ಡ್ ಹಾರ್ಡ್."

"ಹಾಗಾದ್ರೆ?"

"ಬಟ್ ಪಿನ್ ಹಾಕಿದವ್ರಿಗೆ ಬಸ್ಸಲ್ಲೂ ಫ್ರಂಟ್ ಸೀಟ್ ಕೊಡ್ತಾರಂತೆ. ಶರೋನ್ ಹಿಂದೆ ಒಬ್ಳೇ ಕೂತ್ಕೊಳ್ತಾಳೆ. ನಂಗೆ ಎರಡೂ ಬೇಕು. ಒಂದೇ ಅಂದ್ರೆ ಶರೋನ್." ಸ್ವಲ್ಪ ಮುಂದೆ ಹೋಗಿ ತಿರುಗಿ ಸೇರಿಸಿದಳು. "ಎನಿವೇ, ನೀವು ಆಲ್ರೆಡಿ ಬರ್ದಿದ್ದೀರಲ್ಲ. ಯು ಮೆಂಟ್ ಇಟ್, ನೋ?"

ಎಂಥ ಪ್ರಶ್ನೆ ನೋಡಿ. ಹೆತ್ತ ಮಗಳು ತನಗೆ ಬರುವ ಪಿನ್ನನ್ನು ಬಿಡಲು ತಯಾರಾಗಿದ್ದಾಳೆ, ಅಪ್ಪ ಬರೆದದ್ದು ನಿಜ ಎಂದು ನಂಬಿ. ಅಪ್ಪನ ಅಂಗಿಯ ಜೇಬಿನಲ್ಲಿ ಅದೇ ಮಾತನ್ನು ರದ್ದು ಮಾಡುವ ಕಾಗದ ನಾಲ್ಕು ಮಡಿಕೆಯಾಗಿ ಕೂತಿದೆ. ನನಗೆ ನಾಚಿಕೆಯಾಯಿತು. ಆದರೂ ಕಾಗದವನ್ನು ಹರಿಯಲಿಲ್ಲ. ನಾನು ಡಾಕ್ಯುಮೆಂಟ್ ಕಂಟ್ರೋಲರ್, ಕಾಗದ ಹರಿಯುವುದು ನಮ್ಮ ಸಂಪ್ರದಾಯದಲ್ಲಿಲ್ಲ.

ಶನಿವಾರದ ಮೀಟಿಂಗಿಗೆ ನಾನು ಎರಡೂ ಪತ್ರಗಳನ್ನು ಹಿಡಿದು ಹೋದೆ. ಎಡ ಜೇಬಿನಲ್ಲಿ ತತ್ವ, ಬಲ ಜೇಬಿನಲ್ಲಿ ಪಿನ್ನು. ಮೊದಲು ಸೊಸೈಟಿಯ ಪರವಾಗಿ ಒಬ್ಬರು ಮಾತಾಡಿದರು. ಸಣ್ಣ ಧ್ವನಿಯ ಮನುಷ್ಯ. "ನನ್ನ ಮಗಳಿಗೆ ಓಡಲು ಬರುವುದಿಲ್ಲ, ಹಾಡಲು ಬರುವುದಿಲ್ಲ. ನಾಲ್ಕು ಜನರ ಎದುರು ನಿಂತರೆ ನಡುಗುತ್ತಾಳೆ. ಅವಳಿಗೆ ಬರುವುದು ಓದು ಒಂದೇ. ಓಡುವವರಿಗೆ ಪ್ರತಿವರ್ಷ ಪದಕ ಕೊಡುತ್ತೀರಿ. ಅವಳಿಗೆ ಏನು ಕೊಡುತ್ತೀರಿ?" ಎಂದು ಕೇಳಿ ಕೂತರು. ಇದಕ್ಕೆ ನನ್ನ ಮೂರು ಪುಟದಲ್ಲಿ ಎಲ್ಲಿಯೂ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ನನ್ನ ಹೆಸರು ಕರೆದರು. ವೇದಿಕೆಗೆ ಹೋಗಿ ನಿಂತಾಗ ಬಾಗಿಲ ಬಳಿ ಹಾಜರಿ ಪುಸ್ತಕ ಹಿಡಿದ ಫಿಲೋಮಿನಾ ಬಾಯಿ ಕಂಡರು. ನನ್ನನ್ನೇ ನೋಡುತ್ತಿದ್ದರು. ಕೈ ಎಡ ಜೇಬಿಗೆ ಹೋಯಿತು. ಓದತೊಡಗಿದೆ. ಬೆಂಚಿನ ಕಥೆಗೆ ಬಂದು, ಮೇಷ್ಟ್ರು ನನ್ನ ಚೀಲ ಎತ್ತಿದರು ಎನ್ನುವಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ವಿಮಾನ ಹೋಗುವಾಗ ಮಾತು ನಿಲ್ಲಿಸುವುದು ಮಿರ್ದಿಫ್‌ನವರಿಗೆಲ್ಲ ರೂಢಿ. ಏರ್‌ಪೋರ್ಟು ಅಷ್ಟು ಹತ್ತಿರ. ನಾನೂ ನಿಲ್ಲಿಸಿದೆ. ಸಭೆಯಲ್ಲಿ ಬೇರೆ ಕಡೆಯಿಂದ ಬಂದ ಪೋಷಕರು ಬಹಳ ಜನ ಇದ್ದರು. ಅವರು ನನಗೆ ದುಃಖ ಉಮ್ಮಳಿಸಿತು ಎಂದು ತಿಳಿದು ಚಪ್ಪಾಳೆ ತಟ್ಟಿದರು. ಸುಳ್ಳು ಹೇಳಬಾರದು, ವಿಮಾನ ಹೋದ ಮೇಲೂ ಸ್ವಲ್ಪ ಹೊತ್ತು ನನ್ನ ಬಾಯಿಂದ ಮಾತು ಹೊರಡಲಿಲ್ಲ.

ನಾನು ಇಳಿದು ಬಂದು ಕೂತ ಮೇಲೆ ಕೈ ಎತ್ತಿಸಿ ಲೆಕ್ಕ ಹಾಕಿದರು. ಸೊಸೈಟಿ ಬೇಕು ಎನ್ನುವವರು ಕೈ ಎತ್ತಿ ಎಂದಾಗ ನನ್ನ ಪಕ್ಕದ ಕುರ್ಚಿಯಿಂದಲೇ ಒಂದು ಕೈ ಮೇಲೆ ಹೋಯಿತು. ಬಳೆ ಗುರುತು ಹಿಡಿದೆ, ಶಶಿಕಲಾಳದು. ಆದರೂ ಐದು ಕೈಗಳ ಅಂತರದಲ್ಲಿ ನಾವು ಗೆದ್ದೆವು. ಎಂಟನೆಯ ತರಗತಿಯವರೆಗೆ ಸೊಸೈಟಿ ಬೇಡ ಎಂದಾಯಿತು. ಕಾರಿನಲ್ಲಿ ಮನೆಗೆ ಬರುವಾಗ ಶಶಿಕಲಾ, "ನಿಮ್ಮ ಕಥೆ ಚಂದ ಇತ್ತು. ಆದ್ರೆ ನನ್ನ ಮಗಳ ಪಿನ್ ಹೋಯ್ತು" ಎಂದಳು. ಎರಡೂ ನಿಜವೇ. ಆ ರಾತ್ರಿಯ ಊಟಕ್ಕೆ ಶರೋನ್ ನಮ್ಮಲ್ಲೇ ಇದ್ದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಮಹಾತ್ಮನಾಗಿ ಉಳಿಯುತ್ತಿದ್ದೆ. ಎರಡು ತಿಂಗಳ ನಂತರ ಶಾಲೆಯ ವಾರ್ಷಿಕೋತ್ಸವ. ಪ್ರಿನ್ಸಿಪಾಲ್ ಮೇಡಂ ಉತ್ಸಾಹದಲ್ಲಿ ಪಿನ್ನುಗಳನ್ನು ಮೊದಲೇ ಮಾಡಿಸಿಟ್ಟಿದ್ದರಂತೆ. ದಂಡವಾಗಬಾರದು ಎಂದು ಅವನ್ನು ಶಾಲೆಗೆ ನೆರವಾದ ಪೋಷಕರಿಗೆ ತೊಡಿಸುವುದಾಗಿ ವೇದಿಕೆಯಲ್ಲಿ ಘೋಷಿಸಿದರು. ಮೊದಲ ಹೆಸರು ನನ್ನದು. ಬೇಡ ಎನ್ನಬೇಕು ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಮೇಡಂ ನನ್ನ ಕೋಟಿಗೆ ಪಿನ್ನು ಚುಚ್ಚುವಾಗ ಎದೆ ಸ್ವಲ್ಪ ಮುಂದೆ ಮಾಡಿ ನಿಂತೆ.

ಭಾನುವಾರ ಅದನ್ನು ಹಾಕಿಕೊಂಡೇ ಆಫೀಸಿಗೆ ಹೋದೆ. ಬೇಸಗೆ ಕಾಲಿಟ್ಟಿತ್ತು, ಕೋಟು ಹಾಕುವ ದಿನವೇ ಅಲ್ಲ. ಇಪ್ಪತ್ತಮೂರನೆಯ ಮಹಡಿಯವರೆಗೆ ಲಿಫ್ಟಿನಲ್ಲಿ ಗುರುತಿಲ್ಲದವರ ಕಡೆಗೆಲ್ಲ ಎದೆ ತಿರುಗಿಸಿ ನಿಂತೆ. ವಾಟ್ಸಾಪಿನಲ್ಲಿ ಚಿತ್ರ ಬದಲಾಯಿಸಿದೆ. ಊರಿನ ಶಾಲೆಯ ಗುಂಪಿಗೆ, ಕೇಳದಿದ್ದರೂ, ಬೇರೆ ಬೇರೆ ಕೋನಗಳಿಂದ ಮೂರು ಫೋಟೋ ಹಾಕಿದೆ.

ಸಂಜೆ ಮನೆಗೆ ಬಂದರೆ ಊಟದ ಮೇಜಿನ ಹತ್ತಿರ ಅನ್ವಿತಾ, ಶರೋನ್ ಇಬ್ಬರೂ ಗಂಭೀರವಾಗಿ ಕೂತಿದ್ದರು. ಎದುರಿಗೆ ನನ್ನದೇ ರವಾನೆ ಚೀಟಿ. ನಂಬರು ಹಾಕಿ, ತಾರೀಖು ಹಾಕಿ, ನಿಯಮದಂತೆ ತುಂಬಿದ್ದರು. ದಾಖಲೆಯ ಹೆಸರು: ಅಪ್ಪನ ಭಾಷಣ. ಪರಿಶೀಲಿಸಿದವರು: ಇಬ್ಬರ ಸಹಿ. ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ 'ಸಿ'.

"ತಿದ್ದಿ ಮತ್ತೆ ಕಳಿಸ್ಬೇಕು ಅಂಕಲ್" ಎಂದಳು ಶರೋನ್. ಅನ್ವಿತಾ ಪೆನ್ನು ಮುಂದೆ ಹಿಡಿದಳು. ಒಳಗಿನಿಂದ ಶಶಿಕಲಾ ನಗುವುದು ಕೇಳಿಸುತ್ತಿತ್ತು.

ತಲುಪಿದೆ ಎಂದು ಸಹಿ ಹಾಕಿಕೊಟ್ಟೆ. ಅಕ್ಷರ ಸರಿಯಾಗಿಯೇ ಕೊಟ್ಟಿದ್ದಾರೆ, ತಕರಾರಿಲ್ಲ. ಭಾಷಣವನ್ನು ತಿದ್ದುತ್ತೇನೆ, ಪಿನ್ನನ್ನೂ ತೆಗೆದಿಡುತ್ತೇನೆ. ಆದರೆ ಮುಂದಿನ ತಿಂಗಳು ರಜೆಗೆ ಊರಿಗೆ ಹೋಗುವುದಿದೆ. ಕಾಪುವಿನ ಆ ಶಾಲೆ ಇನ್ನೂ ಇದೆಯಂತೆ, ಕಿಟಕಿಯ ಪಕ್ಕದ ಬೆಂಚೂ ಇರಬಹುದು. ಒಮ್ಮೆ ಕೋಟು ಹಾಕಿಕೊಂಡು ಅಲ್ಲಿ ಹೋಗಿ ಕೂತು ಬರುತ್ತೇನೆ. ಆಮೇಲೆ ಖಂಡಿತ ತೆಗೆದಿಡುತ್ತೇನೆ.