ಅತ್ತೆಯ ಉಸಿರು, ಊರಿನವರ ಹಿಟ್ಟು

ದಿನವೂ ಹೊತ್ತು ಕಂತುವಾಗ ನಾನು ದೇವರ ಮುಂದೆ ದೀಪ ಹಚ್ಚಿ ಹನ್ನೆರಡು ಹೆಸರು ಹೇಳುತ್ತೇನೆ, ಕೇಶವನಿಂದ ದಾಮೋದರನವರೆಗೆ. ದೊಡ್ಡ ಮಂತ್ರ ಕಲಿತವಳಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ ಸೊಸೆಗೆ ಅತ್ತೆ ಬಾಯಿಪಾಠ ಮಾಡಿಸಿದ್ದು ಇಷ್ಟೇ. ಜ್ವರ ಬಂದಾಗಲೂ, ನೆಂಟರು ಬಾಗಿಲಲ್ಲಿ ನಿಂತಾಗಲೂ ಇದು ತಪ್ಪಿದ್ದಿಲ್ಲ. ದೇವರು ಎಣಿಸುತ್ತಾನೋ ಇಲ್ಲವೋ, ಒಳಕೋಣೆಯ ಮಂಚದಲ್ಲಿ ಕೂತು ಅತ್ತೆ ಎಣಿಸುತ್ತಾರೆ. ಒಮ್ಮೆ ಅವಸರದಲ್ಲಿ ನಾನು ವಾಮನನನ್ನು ಹಾರಿಸಿದಾಗ, “ಸಣ್ಣವ ಅಂತ ಬಿಟ್ಟದ್ದಾ?” ಎಂದು ಕೇಳಿ ಮತ್ತೆ ಮೊದಲಿನಿಂದ ಹೇಳಿಸಿದ್ದರು.

ಆ ಅತ್ತೆಯ ಶ್ವಾಸಕೋಶ ಹೋದ ವರ್ಷ ಸೋತಿತು. ಐವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದದ್ದರ ಫಲ ಎಂದರು ಪುತ್ತೂರಿನ ಡಾಕ್ಟ್ರು. ಗಾಳಿಯಿಂದ ಆಕ್ಸಿಜನ್ ಹಿಂಡಿ ಮೂಗಿಗೆ ಕೊಡುವ ಒಂದು ಮೆಷಿನ್ ಮನೆಗೆ ಬಂತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ನಡುವೆ ಉಸಿರು ಸಿಕ್ಕಿಬಿದ್ದರೆ ಆಗಲೂ ಅದು ನಡೆಯಬೇಕು. ನಡೆಯಲಿಕ್ಕೆ ಕರೆಂಟು ಬೇಕು. ನಮ್ಮ ಕಾಣಿಯೂರಿನಲ್ಲಿ ಕರೆಂಟು ಮದುಮಗನ ಕಡೆಯ ನೆಂಟರ ಹಾಗೆ. ಬಂದರೆ ಉಪಚಾರ ಮಾಡಬೇಕು, ಎದ್ದು ಹೋದರೆ ಯಾಕೆಂದು ಕೇಳುವಂತಿಲ್ಲ.

ನಾನು ಪಣ ತೊಟ್ಟೆ. ಇಡೀ ತಾಲೂಕು ಕತ್ತಲಾದರೂ ಸರಿ, ನನ್ನ ಅತ್ತೆಯ ಮೆಷಿನ್ ಒಂದು ಕ್ಷಣ ನಿಲ್ಲಕೂಡದು!

ಎರಡು ಬ್ಯಾಟರಿಯ ಇನ್ವರ್ಟರ್ ತರಿಸಿದೆ. ಅದರ ಜೊತೆ ಬಂದ ಪುಸ್ತಕವನ್ನು ಭಾಗವತದಷ್ಟೇ ಭಕ್ತಿಯಿಂದ ಓದಿದೆ. ಜೋಡಿಸಲು ಬಂದ ಎಲೆಕ್ಟ್ರಿಶನ್ ಶುಕೂರ್‌ನನ್ನು ವ್ಯಾಟ್ ಎಂದರೇನು, ಆಂಪಿಯರ್ ಎಂದರೇನು ಎಂದು ಕೇಳಿ ಕೇಳಿ ಬೆವರಿಸಿದೆ. ಅವನು ಹೋಗುವಾಗ ನಮ್ಮವರ ಹತ್ತಿರ, ಇನ್ನು ಮೇಲೆ ಲೈನ್ ರಿಪೇರಿಗೆ ಅಕ್ಕನನ್ನೇ ಕಳಿಸಬಹುದು ಎಂದು ಹೇಳಿದನಂತೆ. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಯಾವುದು ಎಷ್ಟು ಕರೆಂಟು ತಿನ್ನುತ್ತದೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮೆಷಿನ್ ಒಂದೇ ನಡೆದರೆ ಹತ್ತು ಗಂಟೆ. ಅಂದರೆ ಎರಡೂವರೆ ದಿನ. ಹಿಟ್ಟು ಕಡೆಯುವ ಗ್ರೈಂಡರಿನ ಹಸಿವೂ ಹೆಚ್ಚುಕಡಿಮೆ ಮೆಷಿನ್ನಿನಷ್ಟೇ. ಗ್ರೈಂಡರ್ ಅರ್ಧ ಗಂಟೆ ತಿರುಗಿದರೆ ಅತ್ತೆಯ ಅರ್ಧ ಗಂಟೆ ಹೋಯಿತು. ಇದನ್ನು ಬರೆದವಳು ನಾನೇ, ಕೆಂಪು ಪೆನ್ನಿನಲ್ಲಿ, ಕೆಳಗೆ ಎರಡು ಗೆರೆ ಎಳೆದು.

ಒಂದು ಸಣ್ಣ ಆಕ್ಸಿಜನ್ ಸಿಲಿಂಡರನ್ನೂ ಇಟ್ಟುಕೊಳ್ಳುವ ಎಂದರು ನಮ್ಮವರು, ವಿಷ್ಣುಪ್ರಸಾದರು. ಡಾಕ್ಟ್ರೂ ಅದನ್ನೇ ಹೇಳಿದ್ದರು. ಸೇನಾಪತಿಯೇ ಬಾಗಿಲಲ್ಲಿ ನಿಂತಿರುವಾಗ ಗೂರ್ಖಾ ಯಾಕೆ ಎಂದು ನಾನು ನಕ್ಕೆ. ಇನ್ವರ್ಟರಿನ ನೆತ್ತಿಯ ಮೇಲೆ ಗಣಪತಿಯ ಪಟವಿಟ್ಟೆ. ದಿನವೂ ದೇವರಿಗೆ ಹೂ ಇಡುವಾಗ ಅದಕ್ಕೂ ಒಂದು ಕೆಂಪು ದಾಸವಾಳ ಸಿಕ್ಕಿಸುತ್ತಿದ್ದೆ. ಆ ದಾಸವಾಳ ಸರಿಯಾಗಿ ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ದೀಪಗಳ ಮೇಲೆಯೇ ಕೂರುತ್ತಿತ್ತು. ಪುಸ್ತಕದಲ್ಲಿ ಹೂವಿನ ಬಗ್ಗೆ ಏನೂ ಬರೆದಿರಲಿಲ್ಲ.

ಮೇ ತಿಂಗಳ ಒಂದು ಸಂಜೆ ಗಾಳಿ ಬಂತು. ಹತ್ತೇ ನಿಮಿಷ. ಕಡಬದ ದಾರಿಯಲ್ಲಿ ಕಂಬಗಳು ಬೆಂಡೆಕಾಯಿಯ ಹಾಗೆ ಮುರಿದವು, ಮರಗಳು ತಂತಿಯ ಮೇಲೆ ಮಲಗಿದವು. ಮರುದಿನ ಬಿಸಿಲು ಏನೂ ನಡೆದೇ ಇಲ್ಲವೆಂಬಂತೆ ಹೊಳೆಯಿತು. ಎರಡು ದಿನ ಕರೆಂಟಿನ ಮಾತು ಬೇಡ ಎಂದು ಲೈನ್‌ಮ್ಯಾನ್ ಹೇಳಿ ಹೋದ.

ಇಲ್ಲಿಯೇ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬೇಲಿಯಾಚೆಯ ನೀಲಾವತಿ, ಬೆಳ್ಯಪ್ಪ ಗೌಡರ ಹೆಂಡತಿ, ಎಂತ ಮಾಡುದು ಎಂದು ತಲೆಗೆ ಕೈ ಇಟ್ಟಾಗ ನಾನು ಸೆರಗು ಸರಿಪಡಿಸಿಕೊಂಡು, “ನಮ್ಮಲ್ಲಿ ಎರಡು ದಿನಕ್ಕೆ ಉಂಟು ನೀಲಕ್ಕ,” ಎಂದೆ.

ಅರ್ಧ ಗಂಟೆಯಲ್ಲಿ ಅವಳು ಪಾತ್ರೆ ಸೊಂಟಕ್ಕಿಟ್ಟುಕೊಂಡು ಬಂದಳು.

“ಅಕ್ಕಾ, ನಿನ್ನೆ ಇಡ್ಲಿಗೆ ನೆನೆ ಹಾಕಿದ್ದು. ವಾಸನೆ ಬರ್ಲಿಕ್ಕೆ ಸುರುವಾಗಿದೆ. ಒಂದು ಸುತ್ತು ತಿರುಗಿಸುದಾ?”

ಗಾಳಿ ಬಂದದ್ದು ಸಂಜೆ. ಅಷ್ಟು ಹೊತ್ತಿಗೆ ನಮ್ಮೂರಿನ ಎಲ್ಲ ಮನೆಗಳಲ್ಲಿ ಮರುದಿನದ ತಿಂಡಿಯ ಅಕ್ಕಿ ನೀರಿಗೆ ಬಿದ್ದಾಗಿರುತ್ತದೆ. ನೆನೆದ ಅಕ್ಕಿ ಕರೆಂಟಿಗಾಗಿ ಕಾಯುವುದಿಲ್ಲ. ಅದನ್ನು ಚೆಲ್ಲುವುದು ಅನ್ನಪೂರ್ಣೆಗೆ ಮಾಡುವ ಅಪಚಾರ ಎಂದು ಬೆಳೆದವಳು ನಾನು.

ಒಳಗಿನಿಂದ ಅತ್ತೆ, “ಅಂಗಳದಲ್ಲಿ ಕಡೆಯುವ ಕಲ್ಲು ಉಂಟಲ್ಲ?” ಎಂದರು.

ಉಂಟು. ಅದರ ಮೇಲೆ ನಾನು ಹತ್ತು ವರ್ಷದಿಂದ ಕ್ರೋಟನ್ ಗಿಡದ ಚಟ್ಟಿ ಇಟ್ಟಿದ್ದೇನೆ. ಕಾಲ ಬದಲಾಗಿದೆ ಅತ್ತೆ ಎಂದು ಹೇಳಿ ಗ್ರೈಂಡರಿನ ಸ್ವಿಚ್ ಒತ್ತಿದೆ.

ನನಗೊಂದು ದೌರ್ಬಲ್ಯವಿದೆ. ಯಾರು ಏನು ಹೇಳಿದರೂ ಕೊನೆಯವರೆಗೆ ಕೇಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ನನ್ನ ಹತ್ತಿರ ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ಊರಲ್ಲಿ ಹೆಸರಿದೆ. ಬ್ಯಾಟರಿಯೂ ಹಗುರವಾಗುತ್ತದೆ ಎಂದು ಆಗ ಹೊಳೆಯಲಿಲ್ಲ. ನೀಲಕ್ಕನ ಮಗಳು ಸುರಕ್ಷಾಳ ಸಂಬಂಧ ಎರಡನೇ ಸಲ ಮುರಿದಿತ್ತು. ನೀಲಕ್ಕ ಜಗಲಿಯಲ್ಲಿ ಕೂತು ಆ ಕಥೆ ಹೇಳುತ್ತಾ ಅಳತೊಡಗಿದಳು. ಹಿಟ್ಟು ನುಣ್ಣಗಾಗಿ ಬಹಳ ಹೊತ್ತಾಗಿತ್ತು. ಅಳುವವಳ ಎದುರು ಎದ್ದು ಹೋಗಿ ಗ್ರೈಂಡರ್ ನಿಲ್ಲಿಸುವುದು ಹೇಗೆ? ಅದು ಅವಳ ದುಃಖಕ್ಕೆ ತಾಳ ಹಾಕುತ್ತಾ ತಿರುಗುತ್ತಲೇ ಇತ್ತು. ಅಷ್ಟು ನುಣುಪಾದ ಇಡ್ಲಿಯನ್ನು ಬೆಳ್ಯಪ್ಪ ಗೌಡರು ಜನ್ಮದಲ್ಲಿ ತಿಂದಿರಲಿಕ್ಕಿಲ್ಲ.

ಮಧ್ಯಾಹ್ನ ಕೆಳಗಿನ ಮನೆಯ ಹಸನಬ್ಬರ ಸೊಸೆ ಆಫ್ರಾ ಬಂದಳು, ರೊಟ್ಟಿಗೆ ನೆನೆದ ಅಕ್ಕಿ ಮತ್ತು ಸತ್ತ ಮೊಬೈಲು ಹಿಡಿದು. ಗಂಡ ಹಾರಿಸ್ ಗಲ್ಫಿನಿಂದ ಫೋನು ಮಾಡಿ ಮಾಡಿ ಗಾಬರಿಯಾಗಿರುತ್ತಾನೆ ಎಂದಳು. ಫೋನಿಗೆ ಎಷ್ಟು ಕರೆಂಟು ಹೋಗುತ್ತದೆ ಮಹಾ, ಚುಚ್ಚು ಎಂದೆ. ಅವಳ ಹಿಂದೆಯೇ ಊರಿಗೆಲ್ಲ ನಮ್ಮ ಮನೆಗೆ ದಾರಿಯಾಯಿತು. ಸಂಜೆಯಾಗುವಾಗ ಜಗಲಿಯ ತುಂಬ ಪಾತ್ರೆಗಳು, ಹನ್ನೊಂದು ಮೊಬೈಲುಗಳು, ಅಷ್ಟೇ ಸಂಸಾರಗಳ ಕಷ್ಟಸುಖ.

“ಎಂತ ಮಾರಾಯ್ತಿ, ಇದು ಮನೆಯಾ, ಹಿಟ್ಟಿನ ಗಿರಣಿಯಾ?” ಎಂದರು ನಮ್ಮವರು.

“ಊರಿನವರಿಗೆ ಅಷ್ಟಾದರೂ ಆಗ್ಬೇಡ್ವಾ? ಲೆಕ್ಕ ನನಗೆ ಗೊತ್ತುಂಟು.”

“ಗೋಡೆಯಲ್ಲಿ ಬರೆದದ್ದು ನಾನೂ ಓದಿದ್ದೇನೆ.”

“ಓದಿದ್ರೆ ಸುಮ್ಮನಿರಿ.”

ಅವರು ಸುಮ್ಮನಾದರು. ನನ್ನ ಸಂಸಾರದಲ್ಲಿ ಅವರು ಸುಮ್ಮನಿರಬಾರದಿದ್ದ ದಿನ ಅದೊಂದೇ.

ಎರಡನೇ ದಿನ ಅವರು ಕರೆಂಟು ಯಾವಾಗ ಎಂದು ವಿಚಾರಿಸಲು ಸ್ಕೂಟರಿನಲ್ಲಿ ಕಡಬಕ್ಕೆ ಹೋದರು. ಸಂಜೆ ನಾಲ್ಕೂವರೆಗೆ ಮರುದಿನದ ದೋಸೆಗೆಂದು ನೀಲಕ್ಕನ ಎರಡನೇ ಪಾತ್ರೆ ಬಂತು. ಗ್ರೈಂಡರ್ ತಿರುಗುತ್ತಿದ್ದಾಗ ಎಲ್ಲಿಂದಲೋ ಪೀಂ ಪೀಂ ಎಂಬ ಸದ್ದು. ಯಾರದ್ದೋ ಮೊಬೈಲು ಎಂದೆ. ಹನ್ನೊಂದು ಮೊಬೈಲುಗಳನ್ನು ಒಂದೊಂದಾಗಿ ಎತ್ತಿ ಕಿವಿಗೆ ಹಿಡಿದು ನೋಡಿದೆವು. ಪ್ರತಿಯೊಬ್ಬರೂ ನನ್ನದಲ್ಲ ನನ್ನದಲ್ಲ ಎಂದರು. ಸದ್ದು ನಿಲ್ಲಲಿಲ್ಲ. ಹಿಟ್ಟು ಮುಗಿದು ಗ್ರೈಂಡರ್ ನಿಲ್ಲಿಸಿದ ಮೇಲೆ ಅದೂ ನಿಂತಿತು. ನಿಂತಿತಲ್ಲ ಎಂದು ಎಲ್ಲರಿಗೂ ಸಮಾಧಾನ. ಹಿಂದೆ ಗೋಡೆಯ ಮೂಲೆಯಲ್ಲಿ, ದಾಸವಾಳದ ಮರೆಯಲ್ಲಿ, ಕೆಂಪು ದೀಪವೊಂದು ಕೆಂಪು ಹೂವಿನೊಳಗೆ ಮಿನುಗುತ್ತಿದ್ದುದನ್ನು ಯಾರೂ ನೋಡಲಿಲ್ಲ.

ಹೊತ್ತು ಕಂತಿತು. ಎಲ್ಲರೂ ಹೋದರು. ಅತ್ತೆಯ ಮೂಗಿಗೆ ನಳಿಗೆ ಸಿಕ್ಕಿಸಿ ಮೆಷಿನ್ ಹಾಕಿದೆ. ಅದು ಗುರ್ರೆಂದು ಉಸಿರಾಡತೊಡಗಿತು. ನಾನು ದೀಪ ಹಚ್ಚಿ ಕೂತೆ. ಕೇಶವ, ನಾರಾಯಣ, ಮಾಧವ, ಗೋವಿಂದ.

ಗೋವಿಂದ ಎನ್ನುವಾಗ ಒಳಗೆ ಮೆಷಿನ್ ಕಿರುಚಿತು. ಕರೆಂಟು ತಪ್ಪಿದರೆ ಅದು ಹಾಗೆ ಕಿರುಚುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಕೇಳಿದ್ದು ಅದೇ ಮೊದಲು.

ಹೆಸರುಗಳನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಅತ್ತೆ ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿದ್ದರು. ತುಟಿ ನೇರಳೆಯಾಗಿತ್ತು. ಒಂದೊಂದು ಉಸಿರನ್ನೂ ಬಾವಿಯಿಂದ ನೀರು ಸೇದುವ ಹಾಗೆ ಎಳೆಯುತ್ತಿದ್ದರು, ಕೊಡ ತುಂಬುತ್ತಿರಲಿಲ್ಲ. ಇನ್ವರ್ಟರಿನ ಸ್ವಿಚ್ಚನ್ನು ಹತ್ತು ಸಲ ಒತ್ತಿದೆ. ಗಣಪತಿಯ ಪಟ ಕೆಳಗೆ ಬಿತ್ತು. ಹೂವನ್ನು ಕಿತ್ತೆ. ದೀಪಗಳೆಲ್ಲ ಆರಿದ್ದವು.

ಬೇಲಿ ಹಾರಿ ಓಡಿದೆ. ಬೆಳ್ಯಪ್ಪ ಗೌಡರು ಏನು, ಯಾಕೆ ಎಂದು ಕೇಳದೆ ಜೀಪಿನಿಂದ ಗೊಬ್ಬರದ ಚೀಲಗಳನ್ನು ಕೆಳಕ್ಕೆ ದಬ್ಬಿದರು. ನೀಲಕ್ಕ ಹಿಟ್ಟು ಕಲಸುತ್ತಿದ್ದ ಕೈಯಲ್ಲೇ ಬಂದು ಅತ್ತೆಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಬೆನ್ನು ಹಿಡಿದಳು. ಕಡಬದ ಆಸ್ಪತ್ರೆಗೆ ಇಪ್ಪತ್ತು ನಿಮಿಷ. ದಾರಿಯಲ್ಲಿ ಎರಡು ಕಡೆ ಮರ ಬಿದ್ದಿತ್ತು, ಜೀಪು ಪಕ್ಕದ ತೋಡಿನ ನೀರಿಗಿಳಿದು ಹತ್ತಿತು. ಅತ್ತೆಯ ತುಟಿ ಅಲುಗುತ್ತಿತ್ತು. ಏನೋ ಹೇಳಲು ನೋಡುತ್ತಿದ್ದಾರೆ ಎನಿಸಿತು. ಕಿವಿ ಹತ್ತಿರ ಇಟ್ಟರೂ ಕೇಳಿಸಲಿಲ್ಲ. ಇಡೀ ಊರಿನ ಮಾತು ಕೇಳುವ ಕಿವಿ ಇದು.

“ನಿಮ್ಮಲ್ಲಿ ಎರಡು ದಿನಕ್ಕೆ ಉಂಟು ಹೇಳಿದ್ರಲ್ಲ ಅಕ್ಕಾ?” ಎಂದಳು ನೀಲಕ್ಕ.

ನಾನು ಅತ್ತೆಯ ಅಂಗೈ ಉಜ್ಜುತ್ತಾ ಕೂತೆ. ಅವಳು ತನ್ನ ಕೈ ನೋಡಿಕೊಂಡಳು. ಮೆಲ್ಲಗೆ ಹೇಳಿದಳು, “ಒಂದು ಮಾತು ಹೇಳ್ಬಾರದಿತ್ತಾ? ನಾವು ಗಂಜಿ ಉಣ್ತಿದ್ದೆವು.”

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟ್ರು. ಅರ್ಧ ಗಂಟೆ ಎಂದರೆ ಒಂದು ಮನೆಯ ಇಡ್ಲಿ. ಅತ್ತೆಯ ಸೀರೆಯ ಹೆಗಲ ಮೇಲೆ ನೀಲಕ್ಕನ ಐದು ಬೆರಳು ಬಿಳಿಯಾಗಿ ಒಣಗಿದ್ದವು. ನಮ್ಮ ಗ್ರೈಂಡರಿನ ಹಿಟ್ಟು. ನೀರಲ್ಲಿ ಉಜ್ಜಿದೆ, ಬೇಗ ಹೋಗಲಿಲ್ಲ. ಅಷ್ಟು ನುಣ್ಣಗೆ ಕಡೆದದ್ದು.

ನಮ್ಮವರು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುದಿನ ಸಿಲಿಂಡರ್ ತಂದು ಮನೆಯಲ್ಲಿಟ್ಟರು, ನನಗೆ ಹೇಳದೆ.

ಅತ್ತೆಗೆ ಮಾತು ಬಂದದ್ದು ಮೂರನೇ ದಿನ. ಅವರು ನನ್ನನ್ನು ಹತ್ತಿರ ಕರೆದರು. ಕಾಲು ಹಿಡಿಯೋಣವೆಂದು ಬಾಗಿದೆ.

“ಗೋವಿಂದನಲ್ಲಿ ನಿಲ್ಲಿಸಿ ಓಡಿದೆ ನೀನು. ಉಳಿದ ಎಂಟು ನಾನು ಹೇಳಿದೆ, ಜೀಪಿನಲ್ಲಿ.”

ನನಗೆ ಅಳು ಬಂತು. ಅವರು ಎರಡು ಉಸಿರು ತೆಗೆದುಕೊಂಡು ಮುಂದುವರಿಸಿದರು.

“ಬೇಡ ಅಂತ ಹೇಳ್ಲಿಕ್ಕೆ ಕರೆಂಟು ಬೇಕಾ ಮಾರಾಯ್ತಿ?”

ಅಂದಿನಿಂದ ನಾನು ಅಭ್ಯಾಸ ಮಾಡಿದೆ. ವ್ಯಾಟ್, ಆಂಪಿಯರ್ ಎಲ್ಲವನ್ನೂ ಸ್ವಂತವಾಗಿ ಕಲಿತವಳಿಗೆ ಇದೊಂದು ಮಾತು ಕಷ್ಟವೇ? ಪಾತ್ರೆ ತೊಳೆಯುವಾಗ ಪಾತ್ರೆಗೆ, ದನಕ್ಕೆ ಹುಲ್ಲು ಹಾಕುವಾಗ ದನಕ್ಕೆ ಬೇಡ, ಬೇಡ ಎಂದು ಹೇಳಿ ನೋಡಿದೆ. ದನ ಹುಲ್ಲು ಬಿಟ್ಟು ನನ್ನ ಮುಖ ನೋಡಿತು. ಇನ್ವರ್ಟರಿನ ಗಣಪತಿಯನ್ನು ದೇವರಕೋಣೆಗೆ ಕರೆತಂದೆ, ದಾಸವಾಳವೂ ಅಲ್ಲಿಗೇ ಬಂತು.

ಜೂನಿನಲ್ಲಿ ಮತ್ತೆ ಕರೆಂಟು ಹೋಯಿತು. ಎರಡು ದಿನ ಬರುವುದಿಲ್ಲ ಎಂದರು. ಬೆಳಿಗ್ಗೆ ನೋಡಿದರೆ ಬೇಲಿಯಾಚೆಯಿಂದ ನೀಲಕ್ಕ, ಸೊಂಟದಲ್ಲಿ ಪಾತ್ರೆ! ಮನಸ್ಸಿನಲ್ಲೇ ಹನ್ನೆರಡು ಹೆಸರು ಹೇಳಿಕೊಂಡೆ. ಅವಳು ಮೆಟ್ಟಿಲಿಗೆ ಕಾಲಿಡುವ ಮೊದಲೇ, ಅವಳು ಬಾಯಿ ತೆರೆಯುವ ಮೊದಲೇ, ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿಬಿಟ್ಟೆ:

“ಬೇಡ ನೀಲಕ್ಕ!”

ನೀಲಕ್ಕ ನಿಂತಳು. ಪಾತ್ರೆಯನ್ನು ಬಗ್ಗಿಸಿ ತೋರಿಸಿದಳು. ಖಾಲಿ.

“ನಿಮ್ಮ ಅಕ್ಕಿ ಕೊಂಡುಹೋಗ್ಲಿಕ್ಕೆ ಬಂದದ್ದು ಅಕ್ಕಾ. ನಮ್ಮವರು ಜನರೇಟರ್ ತಂದಿದ್ದಾರೆ. ನೀವು ನಿನ್ನೆ ಎರಡು ಸೇರು ನೆನೆ ಹಾಕಿದ್ದು ನೋಡಿದ್ದೆ. ಕೊಡಿ, ಈಗ ಕಡೆದು ತರ್ತೇನೆ.”

ಅಡುಗೆಮನೆಯಲ್ಲಿ ಎರಡು ಸೇರು ಅಕ್ಕಿಗೆ ಹುಳಿ ಬರಲು ಶುರುವಾಗಿತ್ತು. ಬಾಯಿಗೆ ಬಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ನಾನಿನ್ನೂ ಅಭ್ಯಾಸ ಮಾಡಿರಲಿಲ್ಲ.

ಒಳಗಿನಿಂದ ಅತ್ತೆಯ ಸ್ವರ ಬಂತು. ಉಸಿರು ಸರಿಯಾಗಿಯೇ ಇತ್ತು, ನಗಲಿಕ್ಕೂ ಉಳಿಯುವಷ್ಟು.

“ಅಂತೂ ಒಂದು ಬೇಡ ಹೇಳಿದಳು. ಅದೂ ನಮಗೆ ಬೇಕಾದದ್ದಕ್ಕೆ.”

ನೀಲಕ್ಕ ಮತ್ತೆ ಕೈ ಚಾಚಿದಳು. ನಾನು ಅಂಗಳಕ್ಕಿಳಿದು, ಹತ್ತು ವರ್ಷದ ಕ್ರೋಟನ್ ಚಟ್ಟಿಯನ್ನು ಎರಡೂ ಕೈಯಲ್ಲಿ ಅಪ್ಪಿ ಎತ್ತಿದೆ. ಅದರಡಿಯಲ್ಲಿ ಕಲ್ಲಿನ ಗುಳಿ ತುಂಬ ಮಣ್ಣು, ಅದರಲ್ಲಿ ಎರೆಹುಳಗಳ ಒಂದು ತುಂಬು ಸಂಸಾರ.

“ಬೇಡ ನೀಲಕ್ಕ,” ಎಂದೆ. “ಕಲ್ಲು ಉಂಟು.”