ನೀಲಿ ಡ್ರಮ್ಮಿನ ಕಾಡು

ನಾನು ತಮಾಷೆಗೆ ಮಾಡಿದ ಯಾವ ಕೆಲಸಕ್ಕೂ ಈವರೆಗೆ ಯಾರೂ ನಕ್ಕಿಲ್ಲ. ಗಂಭೀರವಾಗಿ ಕೈಹಾಕಿದರೆ ಸಾಕು, ನಗೆಪಾಟಲು ತಪ್ಪಿದ್ದಲ್ಲ.

ಚೆನ್ನೈ ಪುರಸೈವಾಕ್ಕಂನ ನಮ್ಮ ಫ್ಲಾಟಿನಲ್ಲಿ ಬೆಳೆದ ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಇಬ್ಬರಿಗೂ ಕಾಡೆಂದರೆ ಪುಸ್ತಕದಲ್ಲಿ ಬಣ್ಣ ತುಂಬುವ ಪುಟ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಕಾಡಿನ ಪಾಠವನ್ನು ಮನೆಯಲ್ಲೇ, ಕನ್ನಡದಲ್ಲೇ ಕಲಿಸುತ್ತೇನೆಂದು ಹಠ ಹಿಡಿದೆ. "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದರು ಹೋಟೆಲಿನಲ್ಲಿ ಮ್ಯಾನೇಜರಾಗಿರುವ ನನ್ನ ಯಜಮಾನರು.

"ಪಾವಂ! ಇನ್ನೊಂದು ಕಾಲು ಎಂಗ?" ಎಂದ ಮಗ. ಪಾಪ, ಆ ಕಾಲು ಎಲ್ಲಿ ಹೋಯಿತೆಂದು ಅವನ ಚಿಂತೆ. ಪಾಠ ಅಲ್ಲಿಂದಲೇ ಶುರುವಾಯಿತು.

ಡ್ರಮ್ಮು

ಕಾಡಿನ ನೆಲದಲ್ಲಿ ಎಲೆ ಹೇಗೆ ಮಣ್ಣಾಗುತ್ತದೆಂದು ತೋರಿಸಬೇಕಿತ್ತು. ಪಲ್ಲಾವರಂ ಸಂತೆಯಲ್ಲಿ ಹಳೆಯ ನೀಲಿ ಡ್ರಮ್ಮು ಕೊಂಡು ಮಗನ ಜೊತೆ ಲೋಕಲ್ ಟ್ರೈನು ಹತ್ತಿದೆ. ಪಕ್ಕದ ಹೆಂಗಸು ಡ್ರಮ್ಮು ನೋಡಿ ಮರುಗಿ, ನಿಮ್ಮ ಏರಿಯಾದಲ್ಲೂ ನೀರು ಬರುತ್ತಿಲ್ಲವಾ ಎಂದು ಕೇಳಿದಳು.

"ಬರುತ್ತೆ. ಇದು ಬಾಲ್ಕನಿಯಲ್ಲಿ ಕಾಡು ಮಾಡೋಕೆ," ಎಂದು ನನ್ನ ತಮಿಳಿನಲ್ಲಿ ಹೇಳಿದೆ.

ಅವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಬೋಗಿ ಹತ್ತಿದಳು. ಡ್ರಮ್ಮಿಗೂ ಸೀಟು ಸಿಕ್ಕಿತು.

ಹುಲಿಗೆ ಏಕಾದಶಿ

ಆಹಾರ ಸರಪಳಿಯನ್ನು ನಾಟಕ ಮಾಡಿಸಿದೆ. ಮಗಳು ಹುಲ್ಲು, ಮಗ ಜಿಂಕೆ. ಮನೆಗೆ ಹಿರಿಯರೆಂದು ಹುಲಿಯ ಪಾತ್ರ ಅತ್ತೆಗೆ. ಅವರು ಉಡುಪಿ ಕಡೆಯವರು, ಈರುಳ್ಳಿಯನ್ನೂ ಮುಟ್ಟುವವರಲ್ಲ.

"ಎಂತ ಮಾರಾಯ್ತಿ, ಮೊಮ್ಮಗನನ್ನು ನಾನು ತಿನ್ನುದಾ? ಅದೂ ಏಕಾದಶಿ ದಿನ?"

"ಹುಲಿ ತಿನ್ನದಿದ್ರೆ ಜಿಂಕೆ ಜಾಸ್ತಿಯಾಗಿ ಹುಲ್ಲೆಲ್ಲ ಮುಗಿಯುತ್ತೆ ಅತ್ತೆ. ಕಾಡೇ ಉಳಿಯಲ್ಲ."

ಅತ್ತೆ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಜಿಂಕೆಗೆ ಅವಲಕ್ಕಿ ಕೊಡುವಾ."

ಮಗ ಬೇಸರದಿಂದ ಅಪ್ಪನಿಗೆ ಫೋನು ಮಾಡಿದ. ಅವನ ನಾಲಿಗೆಗೆ ಳಕಾರ ಹೊರಳುವುದಿಲ್ಲ, ಹುಳಿಯೂ ಹುಲಿಯೇ. ಅದು ಅವರಪ್ಪನಿಗೂ ಗೊತ್ತು.

"ಅಪ್ಪಾ, ಅಜ್ಜಿ ಹುಲಿ ಮಾಡಲ್ವಂತೆ!"

"ಪರವಾಗಿಲ್ಲ ಪುಟ್ಟ, ಸಾರು ಸಾಕು," ಎಂದರು ಅವರು.

ಮೂರನೇ ಮಹಡಿ

ಡ್ರಮ್ಮಿಗೆ ಒಣಗಿದ ಎಲೆ, ತರಕಾರಿ ಸಿಪ್ಪೆ, ಎರೆಹುಳ ಬಿದ್ದವು. ಮಗ ಸ್ಕೂಲಿಂದ ಬಂದವನು ಶೂ ಬಿಚ್ಚುವ ಮೊದಲು ಮುಚ್ಚಳ ತೆಗೆದು ನೋಡುವನು. ಆದರೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮೇಡಂ ಮೊದಲೇ ಎಚ್ಚರಿಸಿದ್ದರು. ಒಂದೇ ಒಂದು ದೂರು ಬಂದರೂ ಡ್ರಮ್ಮು ಹೊರಗೆ. ಡ್ರಮ್ಮು ಹೋದರೆ ಮಗನ ಕಾಡೂ ಹೋಯಿತು, ನನ್ನ ಕನ್ನಡವೂ ಹೋಯಿತು. ನನಗೆ ನಿಜಕ್ಕೂ ಭಯವಿತ್ತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೆಲ್ ಆಯಿತು. ಬಾಗಿಲಲ್ಲಿ ಕಾರ್ಯದರ್ಶಿ, ಹಿಂದೆ ಕೋಲು ಹಿಡಿದ ವಾಚ್‌ಮನ್. ಮಗ ಲಿಫ್ಟಿನಲ್ಲಿ ಅವರಿಗೆ ಹೆಮ್ಮೆಯಿಂದ ಹೇಳಿದ್ದನಂತೆ: "ಎಂಗ ಬಾಲ್ಕನಿಲ ಮೂಣು ಮಾಸಮಾ ಕೊಲೆ ನಡಕ್ಕುದು. ಅಮ್ಮಾದಾನ್ ಪಣ್ರಾಂಗ."

ನಮ್ಮ ಬಾಲ್ಕನಿಯಲ್ಲಿ ಮೂರು ತಿಂಗಳಿಂದ ನಡೀತಿದೆ, ಮಾಡ್ತಿರೋದು ಅಮ್ಮನೇ! ನಾನು ಕಲಿಸಿದ್ದು ಎಲೆ ಕೊಳೆಯುವುದನ್ನು. ಅದು ಅವನ ಬಾಯಲ್ಲಿ ಕೊಲೆಯಾಗಿತ್ತು. ತಮಿಳಿನಲ್ಲೂ ಕೊಲೆ ಎಂದರೆ ಕೊಲೆಯೇ.

ಕಾರ್ಯದರ್ಶಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ವಾಚ್‌ಮನ್ ಕೋಲಿನಿಂದ ಮುಚ್ಚಳ ಎತ್ತಿದ. ಒಳಗೆ ಕಪ್ಪು ಮಣ್ಣು, ಎರೆಹುಳ. ವಾಸನೆಯಿಲ್ಲ.

"ಬಾಡಿ ಎಲ್ಲಿ?" ಎಂದ ವಾಚ್‌ಮನ್.

ಡ್ರಮ್ಮನ್ನು ಒಯ್ದೇಬಿಡುತ್ತಾರೆಂದು ಹೆದರಿದ ಮಗ ಓಡಿಬಂದು ಅದನ್ನು ತಬ್ಬಿಕೊಂಡ. "ಕೊಲೆ ಅಲ್ಲ ಆಂಟಿ, ಕೊ... ಳೆ! ಎಲೆ ಕೊಳೆತು ಮಣ್ಣಾಗತ್ತೆ. ಆ ಮಣ್ಣಲ್ಲಿ ಮರ ಬರತ್ತೆ. ಅದೇ ಕಾಡು!"

ಅಷ್ಟೂ ಕನ್ನಡ. ಅದರಲ್ಲಿ ಎರಡು ಸಲ ಳಕಾರ! ಕೊಲೆಯ ಆರೋಪ ಮರೆತು ಅವನನ್ನು ಎತ್ತಿ ಮುದ್ದಾಡಿದೆ. ಕಣ್ಣಲ್ಲಿ ನೀರೇ ಬಂತು.

ಕಾರ್ಯದರ್ಶಿಗೆ ಒಂದಕ್ಷರ ಅರ್ಥವಾಗಲಿಲ್ಲ. ನಾನು ತಮಿಳಿನಲ್ಲಿ ವಿವರಿಸಿದ ಮೇಲೆ ಮಣ್ಣನ್ನು ಮುಟ್ಟಿ ನೋಡಿ, ತಮ್ಮ ಕರಿಬೇವಿನ ಗಿಡಕ್ಕೆ ಎರಡು ಹಿಡಿ ಕೇಳಿದರು. ಡ್ರಮ್ಮು ಉಳಿಯಿತು. ಅಷ್ಟೇ ಅಲ್ಲ, ಅಂಗಳದಲ್ಲಿ ಗುಡಿಸಿದ ಎಲೆಯೂ ನಮಗೇ ಎಂದು ಅಪ್ಪಣೆಯಾಯಿತು.

ವಾಚ್‌ಮನ್‌ಗೆ ಮಾತ್ರ ಹಳೆಯ ಹೆಸರೇ ಬಾಯಿಪಾಠ. ಈಗ ದಿನಾ ಬೆಳಿಗ್ಗೆ ಎರಡು ಮೂಟೆ ಎಲೆ ಕಟ್ಟಿಟ್ಟು, ಮೆಟ್ಟಿಲ ಬುಡದಲ್ಲಿ ನಿಂತು, ಮೂರು ಮಹಡಿಗೂ ಕೇಳುವಂತೆ ಕೂಗುತ್ತಾನೆ: "ಮೇಡಂ, ಕೊಲೆಕ್ಕು ಇನ್ನುಂ ರೆಂಡು ಮೂಟೆ ರೆಡಿ!"