ನಾಲ್ಕು ಬೆರಳಿನ ವಿಭೂತಿ

ಮನುಷ್ಯರಿಗೆ ಗೌರವ ಯಾವ ಕಾರಣಕ್ಕೆ ಬರುತ್ತದೆ ಎನ್ನುವುದು ನನಗೆ ಇವತ್ತಿಗೂ ಮಿಸ್ಟರಿ. ನನಗಂತೂ ಅದು ಮೊಡವೆಯಿಂದ ಬಂತು. ಆಳಂದದ ನಮ್ಮ ಓಣಿಯಲ್ಲಿ ನನ್ನನ್ನು ಶರಣವ್ವ ಎನ್ನುತ್ತಾರೆ. ಜಿಡಗಾ ಮಠಕ್ಕೆ ಹೋದರೆ ಹೆಂಗಸರು ಸರಿದು ಮುಂದೆ ಕೂರಿಸುತ್ತಾರೆ. ಎಲ್ಲ ನನ್ನ ಹಣೆಯ ವಿಭೂತಿ ನೋಡಿ. ಉಳಿದವರು ಮೂರು ಬೆರಳು ಎಳೆದರೆ ನಾನು ನಾಲ್ಕು. ಕೂದಲಂಚಿನಿಂದ ಹುಬ್ಬಿನವರೆಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಸಂದಿಲ್ಲದ ಬಿಳುಪು. ಅದರ ಅಡಿಯಲ್ಲಿ ಭಕ್ತಿ ಇದೆಯೆಂದು ಜನ ತಿಳಿದರು. ಇದ್ದದ್ದು ಪಿಂಪಲ್ಸ್.

ಅವು ಶುರುವಾದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ, ಆಗಿನ ಗುಲ್ಬರ್ಗದ ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದಾಗ. ಪೌಡರ್ ಹಚ್ಚಿದರೆ ಸಿಸ್ಟರ್ ಒರೆಸಿ ಹಾಕುತ್ತಿದ್ದರು. ವಿಭೂತಿ ಮಾತ್ರ ಧರ್ಮದ ವಿಷಯ, ಮುಟ್ಟುವಂತಿಲ್ಲ. ಒಂದು ದಿನ ಮದರ್ ಸುಪೀರಿಯರ್ ಅಸೆಂಬ್ಲಿಯಲ್ಲಿ ನನ್ನನ್ನು ಎದುರಿಗೆ ನಿಲ್ಲಿಸಿ, "ಗರ್ಲ್ಸ್, ಲುಕ್ ಅಟ್ ದಿಸ್ ಚೈಲ್ಡ್. ವಾಟ್ ಕನ್ವಿಕ್ಷನ್!" ಎಂದರು. ಡಿಕ್ಷನರಿಯಲ್ಲಿ ಕನ್ವಿಕ್ಷನ್ ಎಂದರೆ ದೃಢ ನಂಬಿಕೆ ಎಂದು ನೋಡಿದ ಮೇಲೆ ನನಗೆ ವಿಭೂತಿ ತೆಳ್ಳಗೆ ಮಾಡುವ ದಾರಿಯೇ ಉಳಿಯಲಿಲ್ಲ. ಮದುವೆಯಾಯಿತು. ಒಂಬತ್ತು ವರ್ಷ ಕಾದ ಮೇಲೆ ಮಗ ಹುಟ್ಟಿದ. ಅದೂ ವಿಭೂತಿಯ ಮಹಿಮೆ ಎಂದರು. ನಮ್ಮವರು ತೀರಿಕೊಂಡು ಹನ್ನೊಂದು ವರ್ಷ. ಅಷ್ಟು ಒಳ್ಳೆಯ ಮನುಷ್ಯರಿಗೆ ಒಂದು ದಿನವೂ ನನ್ನ ಹಣೆ ತೋರಿಸಿದವಳಲ್ಲ.

ಈಗ ಮೊಮ್ಮಗಳು ಪಲ್ಲವಿಯ ಸರದಿ. ಗೊಬ್ಬೂರ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಮ್ಮ ಬಿಸಿಲಿಗೆ ಹುಡುಗಿಯರೆಲ್ಲ ಸ್ಕೂಟಿ ಮೇಲೆ ಮುಖಕ್ಕೆ ಸ್ಕಾರ್ಫ್ ಸುತ್ತುತ್ತಾರೆ. ಇವಳು ಇಳಿದ ಮೇಲೂ ತೆಗೆಯುತ್ತಿರಲಿಲ್ಲ. ದಸರಾ ರಜೆಗೆ ಬಂದವಳು ನನ್ನ ಪಡಸಾಲೆಯಲ್ಲೂ ಹಾಗೇ ಕುಳಿತಳು. ಕೈಯಲ್ಲಿ ರಾಜೀನಾಮೆ ಪತ್ರ.

"ಏನಾತ ಬೇ?" ಎಂದೆ.

"ಎಂಟನೇ ಕ್ಲಾಸಿನಾಕಿ ಒಬ್ಬಾಕಿ ಕೇಳಿದ್ಲು ಆಯಿ, ಟೀಚರ್, ನಿಮಗ ಗಡ್ಡ ಬರಾಕತ್ತದೇನ್ರಿ ಅಂತ. ಚಾಷ್ಟಿಗಿ ಕೇಳಿಲ್ಲ, ಖರೇನೇ ಕೇಳಿದ್ಲು. ಅದಕ್ಕ ಭಾಳ ತ್ರಾಸ ಆತು. ನಾ ಇನ್ನ ಹೋಗಂಗಿಲ್ಲ."

ಸ್ಕಾರ್ಫ್ ಸರಿಸಿ ನೋಡಿದೆ. ಗದ್ದದ ಮೇಲೆ ಕಪ್ಪು ಕೂದಲು, ಕೆನ್ನೆ ತುಂಬ ಮೊಡವೆ. ಕೂದಲು ಬೇಕಾದ ನೆತ್ತಿಯಲ್ಲಿ ಮಾತ್ರ ಬೈತಲೆ ಅಗಲವಾಗುತ್ತಿತ್ತು. ನಾನು ನನ್ನ ಅನುಭವದ ಮೇಲೆ ವಿಭೂತಿ ಗಟ್ಟಿ ತಂದುಕೊಟ್ಟೆ.

"ಆಯಿ, ಗದ್ದಕ್ಕ ಯಾರ ವಿಭೂತಿ ಹಚ್ಗೊಂತಾರ?" ಎಂದಳು. ಗಣಿತದವಳಲ್ಲವೇ. ನನ್ನ ವಿದ್ಯೆಯೆಲ್ಲ ಹಣೆಗೇ ಮುಗಿದಿತ್ತು.

ಕಲಬುರಗಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ರಕ್ತ, ಸ್ಕ್ಯಾನಿಂಗ್ ಎಲ್ಲ ಆಯಿತು. "ಪಿಸಿಓಎಸ್ ಅದರಿ. ಅಂಡಾಶಯದ ಹಾರ್ಮೋನಿಂದು, ಮಾರಿ ಮ್ಯಾಲ ಕಾಣಸ್ತದ. ಗುಳಿಗಿ ಕೊಡ್ತೇನಿ, ಕೂದಲದ್ದು ಫರಕ್ ಕಾಣಾಕ ಆರು ತಿಂಗಳರ ಬೇಕು. ಅಲ್ಲೀತನಾ ರೇಜರ್ ಹಚ್ಚವಾ. ದಪ್ಪ ಬರ್ತಾವ ಅನ್ನೂದು ಸುಳ್ಳು." ನಾನು ಕುರ್ಚಿಯಲ್ಲೇ ಬೆರಗಾಗಿ ಕುಳಿತೆ. ಹೊಟ್ಟೆಯೊಳಗೆ ಬಾದಾಮಿಯಷ್ಟಿರುವ ಒಂದು ಅಂಗ ಅಷ್ಟು ದೂರದ ಗದ್ದದ ಜೊತೆ ಪತ್ರವ್ಯವಹಾರ ಇಟ್ಟುಕೊಂಡಿದೆಯೆಂದರೆ! ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಮನ್ಯಾಗ ಯಾರಿಗರ ಇತ್ತೇನ್ರಿ? ಮುಟ್ಟು ತಡಾ ಆಗೂದು, ಮೊಡವಿ, ಕೂಸು ಲಗೂನ ಆಗದಿರೂದು?" ಎಂದರು. ನಾನು ಪರ್ಸಿನ ಜಿಪ್ ಹಾಕಿ ತೆಗೆದು ಮಾಡತೊಡಗಿದೆ. ನನ್ನ ಎಪ್ಪತ್ತಾರು ವರ್ಷದ ಆಟೋಬಯಾಗ್ರಫಿಯನ್ನು ಅವರು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ್ದರು.

ರಜೆಯ ಕೊನೆಯ ಭಾನುವಾರ ಬಂತು. ಗದ್ದ ನುಣ್ಣಗಾಗಿದ್ದರೂ ಮೊಡವೆ ಇದ್ದವು, ಸ್ಕಾರ್ಫ್ ಇತ್ತು, ಪತ್ರವೂ ಇತ್ತು. ನಾನು ಕಾನ್ವೆಂಟಿನ ಗಂಟಲು ತೆಗೆದು, "ಪಲ್ಲವಿ, ಫೇಸ್ ದ ವರ್ಲ್ಡ್!" ಎಂದೆ.

"ಡಾಕ್ಟರ ಮುಂದ ನಿನ್ನ ಮಾರಿ ನೋಡೇನಿ ಆಯಿ. ನೀ ಮೊದ್ಲ ವಿಭೂತಿ ಅಳಸು, ನಾ ಸ್ಕಾರ್ಫ್ ತೆಗಿತೇನಿ."

ಸೆರಗಿಗೆ ನೀರು ಮುಟ್ಟಿಸಿ ಒರೆಸಿಕೊಂಡೆ. ಅವಳು ನನ್ನನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಹಣೆಯ ಮೇಲೆ ಬೆರಳಾಡಿಸಿದಳು.

"ಇಲ್ಲೇನೂ ಇಲ್ಲಲ್ಲ!"

"ಬರೋಬ್ಬರಿ ನೋಡ್ ಬೇ."

"ಏನೂ ಇಲ್ಲ ಆಯಿ. ನನ್ನ ಹಣಿಗಿಂತ ಛಂದ ಅದ."

ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದೆ. ನಾನು ಸ್ನಾನಕ್ಕೆ ಕನ್ನಡಕ ಒಯ್ಯುವವಳಲ್ಲ. ಅದನ್ನು ಹಾಕುವ ಹೊತ್ತಿಗೆ ವಿಭೂತಿ ಬಂದು ಕುಳಿತಿರುತ್ತದೆ. ಮೊಡವೆಗಳು ಯಾವ ಕಾಲದಲ್ಲಿ ಹೇಳದೆ ಹೋದವೋ! ಚೆಂದದ ಹಣೆ. ತೋರಿಸಬೇಕಾದವರು ಇಲ್ಲ.

ಪಲ್ಲವಿ ಪತ್ರ ಹರಿದು ಹಾಕಿ ಹೊರಟಳು. ಸೋಮವಾರ ಸಂಜೆ ಫೋನ್ ಬಂತು. "ಅದೇ ಹುಡುಗಿ, ಗಡ್ಡ ಎಲ್ಲಿ ಹೋತ್ರಿ ಟೀಚರ್ ಅಂದ್ಲು. ನಿಮ್ಮಪ್ಪನಂಗ ನಾನೂ ರೇಜರ್ ಹಚ್ಚೇನಿ ಅಂದೆ. ಕ್ಲಾಸೆಲ್ಲ ನಕ್ತು, ನಾನೂ ನಕ್ಕೆ. ಆಮ್ಯಾಲ ಬೀಜಗಣಿತ ಮಾಡಿದ್ವಿ." ಫೋನ್ ಇಟ್ಟೆ. ಮದರ್ ಸುಪೀರಿಯರ್ ಹೇಳಿದ ಕನ್ವಿಕ್ಷನ್ ಇದೇ ಇರಬೇಕು. ಅವರು ನೋಡಿದ್ದು ಎರಡು ತಲೆಮಾರು ಮೊದಲೇ ಆಯಿತು. ನನ್ನ ಕೈಯೋ, ಆ ಬೆಳಿಗ್ಗೆ ಕೂಡ ರೂಢಿಯಂತೆ ನಾಲ್ಕೇ ಬೆರಳು ಎಳೆದಿತ್ತು.

ಮಂಗಳವಾರ ಮನಸ್ಸು ಗಟ್ಟಿ ಮಾಡಿದೆ. ಮುಚ್ಚುವುದಕ್ಕೆ ಏನೂ ಇಲ್ಲದ ಹಣೆಗೆ, ಜೀವನದಲ್ಲಿ ಮೊದಲ ಸಲ ಬರೀ ಶಿವನಿಗಾಗಿ, ತೆಳ್ಳಗೆ ಮೂರು ಗೆರೆ ಎಳೆದುಕೊಂಡು ಹಾಲಿಗೆಂದು ಬಾಗಿಲಿಗೆ ಬಂದೆ. ಎದುರು ಮನೆಯ ಶಾಂತಾಬಾಯಿ ನನ್ನ ಹಣೆಯನ್ನೇ ದಿಟ್ಟಿಸಿ, ದನಿ ತಗ್ಗಿಸಿ ಕೇಳಿದರು:

"ಯಾಕ್ರಿ ಶರಣವ್ವಾರ, ದೇವರ ಮ್ಯಾಲ ಏನರ ಸಿಟ್ಟಾಗೀರೇನ್ರಿ?"